ಟ್ರ್ಯಾಕಿಂಗ್‌ನಲ್ಲಿ ‘ಬಾಗಿಲು ಹಾಕಿತ್ತು’, ಜಗಲಿ ಮೇಲೆ ನಾನೇ ಕೂತಿದ್ದೆ: ಅಂಚೆ ಬಟವಾಡೆನ ಅಳೆಯೋರು ಯಾರು?

ಅಡಿಕೆ_ಸುಲಿಯೋನು

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ. ಮಗಳ ಡ್ರೈವಿಂಗ್ ಲೈಸೆನ್ಸು ಸ್ಪೀಡ್ ಪೋಸ್ಟಲ್ಲಿ ಬರೋದಿತ್ತು, ಮೆಸೇಜಲ್ಲಿ ಬಂದ ನಂಬರ್ ಹಾಕಿ ದಿನಾ ನೋಡ್ತಿದ್ದೆ, ಬ್ಯಾಗಿಗೆ ಹಾಕಿದೆ, ಹೊರಟಿದೆ, ಬಂದಿದೆ, ಮತ್ತೆ ಹೊರಟಿದೆ ಅಂತೆಲ್ಲ ಚೆನ್ನಾಗೇ ತೋರಿಸ್ತಿತ್ತು. ಗುರುವಾರ ಮಧ್ಯಾಹ್ನ ನೋಡಿದ್ರೆ ‘ಡೋರ್ ಲಾಕ್ಡ್, ಇಂಟಿಮೇಶನ್ ಸರ್ವ್ಡ್’. ಬಾಗಿಲು ಹಾಕಿತ್ತಂತೆ, ಚೀಟಿ ಕೊಟ್ಟು ಹೋಗಿದಾರಂತೆ. ಅಲ್ರೀ, ಬೆಳಗ್ಗೆ ಎಂಟರಿಂದ ಜಗಲಿ ಮೇಲೆ ಮೆಟ್ಟುಗತ್ತಿ ಇಟ್ಕೊಂಡು ಅಡಿಕೆ ಸುಲೀತಾ ಕೂತಿದೀವಿ, ನಾನು, ನನ್ನ ಹೆಂಡ್ತಿ, ಕೆಲಸದೋರು ನಾಲ್ಕು ಜನ, ಮೇಲೊಂದು ನಾಯಿ. ನಾಯಿ ಸಹ ಬೊಗಳಿಲ್ಲ.

ಮಾರನೇ ದಿನ ಪೋಸ್ಟ್‌ಮ್ಯಾನ್ ಬಂದ್ರು, ಕೊಟ್ರು. ಒಳ್ಳೇ ಮನುಷ್ಯ, ಹದಿನೈದು ವರ್ಷದ ಪರಿಚಯ, ಯಾವ ಆಫೀಸು ಅಂತ ಇಲ್ಲಿ ಬರೆಯಲ್ಲ. ಕೇಳಿದ್ದಕ್ಕೆ ನಕ್ಕು, “ನಿನ್ನೆ ಚೀಲ ಬಂದಿದ್ದೇ ಹನ್ನೆರಡೂವರೆಗೆ ಸಾರ್, ನಿಮ್ಮ ಕಡೆ ಬರೋಕಾಗ್ಲಿಲ್ಲ, ಆದ್ರೆ ಸಂಜೆ ಒಳಗೆ ಮೊಬೈಲಲ್ಲಿ ಎಲ್ಲಾದಕ್ಕೂ ಏನಾದ್ರೂ ಒಂದು ಒತ್ಲೇಬೇಕು, ಬಾಕಿ ಅಂತ ತೋರಿಸ್ಬಾರ್ದು” ಅಂದ್ರು. ಕಾಫಿ ಕುಡಿದು ಹೋದ್ರು.

ಒಂದು ದಿನ ತಡ ಆಗಿದ್ದಕ್ಕೆ ನಂಗೇನೂ ಬೇಜಾರಿಲ್ಲ. ತಲೆ ಕೊರೀತಿರೋದು ಬೇರೆ. ಆವತ್ತಿನ ಲೆಕ್ಕದಲ್ಲಿ ನಮ್ಮನೆ ಕಾಗದ ಬಾಕಿ ಅಲ್ಲ, ತಪ್ಪು ಅವರದ್ದೂ ಅಲ್ಲ, ನಾನು ಮನೇಲಿರ್ಲಿಲ್ಲ ಅಷ್ಟೆ. ಹಿಂಗೆ ದೇಶದ ಒಂದೂವರೆ ಲಕ್ಷಕ್ಕೂ ಜಾಸ್ತಿ ಅಂಚೆ ಕಚೇರಿಗಳಿಂದ ಮೇಲಕ್ಕೆ ಹೋಗೋ ಬಟವಾಡೆ ಪರ್ಸೆಂಟೇಜ್ ಇದೆಯಲ್ಲ, ಅದನ್ನ ಪರೀಕ್ಷೆ ಮಾಡೋರು ಯಾರು? ತಕ್ಕಡಿ ಹಿಡ್ದೋನೂ ಅವನೇ, ತೂಗಿಸ್ಕೊಳ್ಳೋನೂ ಅವನೇ ಆದ್ರೆ ಹೆಂಗೆ?

ಬಿಟಿಎಂ_ಬಾಯ್

ಕೊರಿಯರ್ ಹಾಕ್ಸಿ ಗುರು, ಮುಗೀತು. ಯಾವ ಕಾಲದಲ್ಲಿದೀರ.

ಅಡಿಕೆ_ಸುಲಿಯೋನು

ನಮ್ಮೂರಿಗೆ ಕೊರಿಯರ್‌ನೋರು ಬರಲ್ಲ ಮಾರಾಯ, ಪೇಟೆಗೆ ಬಂದು ತಗೊಂಡೋಗಿ ಅಂತ ಫೋನ್ ಮಾಡ್ತಾರೆ, ಹೋಗಿ ಬರೋಕೆ ಅರ್ಧ ದಿನ. ಮತ್ತೆ ಲೈಸೆನ್ಸ್ ಕಳಿಸೋನು ನಾನಲ್ಲ, ಸರ್ಕಾರ.

ಹಳೇ_ಟಪ್ಪಾಲು

ನಾನು ಇಲಾಖೆಯಲ್ಲಿ ಮೂವತ್ತಾರು ವರ್ಷ ಇದ್ದವನು, ಅದರಲ್ಲಿ ಆರು ವರ್ಷ ಮೇಲ್ ಓವರ್‌ಸಿಯರ್. ಅಂಥದ್ದೊಂದು ಹುದ್ದೆ ಇದೆ ಅಂತಲೇ ಈಗ ಬಹಳ ಜನಕ್ಕೆ ಗೊತ್ತಿಲ್ಲ. ಸೈಕಲ್ ಮೇಲೆ ಬ್ರಾಂಚ್ ಆಫೀಸುಗಳನ್ನ ಸುತ್ತೋದು, ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ತೆಗೀತಾರಾ ನೋಡೋದು, ಮನಿಯಾರ್ಡರ್ ಕೈಗೆ ಪೂರ್ತಿ ಬಂತಾ ಅಂತ ಅಜ್ಜಿಯರನ್ನ ವಿಚಾರಿಸೋದು, ಕಟ್ಟೆ ಮೇಲೆ ಕೂತು ಊರವರ ಮಾತು ಕೇಳಿಸ್ಕೊಳ್ಳೋದು. ನೀವು ಕೇಳ್ತಿರೋ ‘ಅಳೆಯೋದು’ ಅಂದ್ರೆ ಆಗ ಇದೇ.

ಟ್ರಯಲ್ ಕಾರ್ಡ್ ಅಂತ ಇನ್ನೊಂದಿತ್ತು. ಯಾವುದೋ ಹಳ್ಳಿ ಪೆಟ್ಟಿಗೆಗೆ ಸದ್ದಿಲ್ಲದೆ ಒಂದು ಕಾರ್ಡ್ ಹಾಕೋದು, ಅದು ಯಾವಾಗ ಎಲ್ಲಿಗೆ ಮುಟ್ತು ಅಂತ ಮುದ್ರೆ ನೋಡಿ ಲೆಕ್ಕ ಹಾಕೋದು. ಚೆನ್ನಾಗಿತ್ತು, ಒಂದೇ ತೊಂದರೆ ಅಂದ್ರೆ ನಮ್ಮ ಇನ್‌ಸ್ಪೆಕ್ಟರ್ ಸಾಹೇಬ್ರ ಕೈಬರಹ ಇಡೀ ಸಬ್ ಡಿವಿಜನ್‌ಗೆ ಗೊತ್ತಿತ್ತು. ‘ಸಾಹೇಬ್ರ ಕಾರ್ಡ್ ಬಂದೈತೆ’ ಅಂತ ಸಾರ್ಟಿಂಗ್ ಟೇಬಲ್ ಮೇಲೇ ಸುದ್ದಿ ಆಗೋದು, ಆ ಕಾರ್ಡ್ ವಿಮಾನದ ಥರ ಹೋಗೋದು, ಪಕ್ಕದಲ್ಲಿದ್ದ ಮದುವೆ ಕರೆಯೋಲೆ ಅಲ್ಲೇ ಮಲಗಿರೋದು. ಆಮೇಲೆ ಅವರು ಮಗಳ ಕೈಲಿ ಬರೆಸೋಕೆ ಶುರು ಮಾಡಿದ್ರು, ಅದೂ ಎರಡು ತಿಂಗಳಲ್ಲಿ ಗೊತ್ತಾಯ್ತು.

ಜನರ ಕೈಲೂ ಒಂದು ಅಳತೆಗೋಲು ಇತ್ತು ನೋಡಿ, ಮುದ್ರೆ. ಮುಂದುಗಡೆ ಹಾಕಿದ ಊರಿನ ಮುದ್ರೆ, ಹಿಂದುಗಡೆ ಸೇರಿದ ಊರಿನ ಮುದ್ರೆ, ಎರಡೂ ತಾರೀಖು ಓದಿ ಮನೆಯವರೇ ‘ಐದು ದಿನ ಎಲ್ಲಿತ್ತಯ್ಯಾ ಇದು’ ಅಂತ ಪೋಸ್ಟ್‌ಮ್ಯಾನ್‌ನ ಹಿಡ್ಕೊಳ್ಳೋರು. ಈಗ ಮಾಮೂಲಿ ಕಾಗದದ ಹಿಂದೆ ಮುದ್ರೆ ಕಾಣೋದೇ ಅಪರೂಪ, ಮುಂದಿನದ್ದೂ ಮಸಿ ಮೆತ್ತಿದ ಚಂದ್ರ.

ಸರ್ವರ್_ಡೌನ್

ಮಸಿ ಮೆತ್ತಿದ ಚಂದ್ರ 😂 ಸಾರ್ ನೀವು ಪ್ರತ್ಯೇಕ ಪೋಸ್ಟ್ ಬರೀಬೇಕು.

ನಾನು ಮೈಸೂರಿನವನು, ಐಟಿ, ಅಂಚೆ ಇಲಾಖೆಗೂ ನನಗೂ ಸಂಬಂಧ ಇಲ್ಲ ಆದ್ರೆ ಟ್ರ್ಯಾಕಿಂಗ್ ಡೇಟಾ ಅಂದ್ರೆ ಒಂಥರಾ ಹುಚ್ಚು. ಈಗ ಓಡ್ತಿರೋ ಹೊಸ ಸಾಫ್ಟ್‌ವೇರ್ ಎಪಿಟಿ ಅಂತ, ಇಲಾಖೆಯ ಸ್ವಂತ ತಾಂತ್ರಿಕ ಕೇಂದ್ರ ಸೆಪ್ಟ್‌ನೋರೇ ಮಾಡಿದ್ದು, ಅದು ಇರೋದು ನಮ್ಮ ಮೈಸೂರಲ್ಲೇ. 2025ರ ಮೇ, ಜೂನ್‌ನಲ್ಲಿ ಮೊದಲು ಕರ್ನಾಟಕ ಸರ್ಕಲ್‌ನಲ್ಲಿ (ಸರ್ಕಲ್ ಅಂದ್ರೆ ಇಲಾಖೆಯ ವಲಯ) ಪ್ರಯೋಗ ಮಾಡಿ ಆಗಸ್ಟ್ 4ರ ಹೊತ್ತಿಗೆ ದೇಶದ 23 ಸರ್ಕಲ್‌ಗೂ ಹಾಕಿದ್ರು. ಅಂದ್ರೆ ಪ್ರತಿ ಸ್ಪೀಡ್ ಪೋಸ್ಟ್‌ಗೂ ಎಲ್ಲೆಲ್ಲಿ ಎಷ್ಟೊತ್ತಿಗೆ ಸ್ಕ್ಯಾನ್ ಆಯ್ತು ಅನ್ನೋ ದಾಖಲೆ ಒಂದೇ ಕಡೆ ಇದೆ. ಡೇಟಾ ಇಲ್ಲ ಅನ್ನೋ ಮಾತು ಈಗ ಸುಳ್ಳು.

ಆದ್ರೆ ಸ್ಕ್ಯಾನ್ ಅನ್ನೋದು ಏನನ್ನ ಹೇಳುತ್ತೆ ನೋಡಿ. ಕೌಂಟರ್‌ನಲ್ಲಿ ಬುಕ್ ಮಾಡಿದ್ರೆ ಗಡಿಯಾರ ಶುರು, ಅದೂ ಕಟ್ ಆಫ್ ಟೈಮ್ ಆದ್ಮೇಲೆ ಕೊಟ್ರೆ ಮಾರನೇ ದಿನದ ಲೆಕ್ಕ. ಮಧ್ಯೆ ಬ್ಯಾಗ್ ಕಟ್ಟೋದು ಬಿಚ್ಚೋದು ಹಬ್‌ನಲ್ಲಿ, ಅಂದ್ರೆ ದೊಡ್ಡ ಸಾರ್ಟಿಂಗ್ ಸೆಂಟರ್‌ನಲ್ಲಿ, ಸ್ಕ್ಯಾನ್ ಆಗುತ್ತೆ, ಅಲ್ಲಿ ಸುಳ್ಳು ಹೇಳೋಕೆ ಯಾರಿಗೂ ಏನೂ ಲಾಭ ಇಲ್ಲ, ಹಾಗಾಗಿ ಆ ಭಾಗ ನಂಬಬಹುದು. ಕೊನೇ ಹೆಜ್ಜೆ ಇದೆಯಲ್ಲ, ಬಟವಾಡೆ, ಅದು ಮಾತ್ರ ಮನುಷ್ಯ ಬಟನ್ ಒತ್ತಿ ಹೇಳೋ ಮಾತು. ಯಾವ ಅಂಕಿಗೋಸ್ಕರ ಸಂಜೆ ಬೈಸಿಕೊಳ್ಬೇಕಾಗುತ್ತೋ ಅದೇ ಅಂಕಿ ಬೈಸಿಕೊಳ್ಳೋನ ಬೆರಳ ತುದೀಲಿದೆ. ಅಡಿಕೆ ಸಾರ್ ಮನೆಗೆ ಆಗಿದ್ದು ಅದೇ.

ಮಾಮೂಲಿ ಕಾಗದ, ಪೋಸ್ಟ್ ಕಾರ್ಡು, ಪತ್ರಿಕೆ ಇವಕ್ಕೆ ಬಾರ್‌ಕೋಡೇ ಇಲ್ಲ. ಅವು ಕಂಪ್ಯೂಟರ್ ಪಾಲಿಗೆ ಹುಟ್ಟೇ ಇಲ್ಲ, ಇನ್ನು ತಡ ಆಗೋದೆಲ್ಲಿ ಬಂತು.

ಮಾಸಿಕದ_ಪಾಡು

ಆ ಕೊನೇ ಮಾತಿಗೆ ಬಂದೆ. ನಾವು ಮೂರು ಜನ ಸೇರಿ ಒಂದು ಸಣ್ಣ ಸಾಹಿತ್ಯ ಮಾಸಿಕ ನಡೆಸ್ತೀವಿ. ನೋಂದಾಯಿತ ಪತ್ರಿಕೆ ಅಂತ ಅಂಚೆ ದರದಲ್ಲಿ ದೊಡ್ಡ ರಿಯಾಯಿತಿ ಇದೆ, ಪೈಸೆ ಲೆಕ್ಕ, ಅದಕ್ಕೆ ನಾವು ಇಲಾಖೆಗೆ ಋಣಿಗಳೇ, ಅದಿಲ್ದಿದ್ರೆ ಕನ್ನಡದ ಅರ್ಧ ಸಣ್ಣ ಪತ್ರಿಕೆ ಯಾವತ್ತೋ ಮುಚ್ಚಿರ್ತಿದ್ವು. ಗೊತ್ತುಮಾಡಿದ ತಾರೀಖಿಗೇ ಗೊತ್ತುಮಾಡಿದ ಆಫೀಸಲ್ಲೇ ಹಾಕ್ಬೇಕು, ಒಂದು ದಿನ ಆಚೀಚೆ ಆದ್ರೆ ನಮ್ಮನ್ನ ಬಿಡಲ್ಲ. ನಮ್ಮ ಸಮಯಪಾಲನೆ ಪಕ್ಕಾ ಅಳೀತಾರೆ! ಆಮೇಲಿಂದು ದೇವರಿಗೆ ಗೊತ್ತು. ಒಂದೇ ದಿನ ಹಾಕಿದ ಕಂತೆಯಲ್ಲಿ ಒಬ್ಬ ಚಂದಾದಾರರಿಗೆ ಮೂರನೇ ದಿನ, ಅದೇ ತಾಲೂಕಿನ ಇನ್ನೊಬ್ಬರಿಗೆ ಹದಿನೆಂಟನೇ ದಿನ, ಮತ್ತೊಬ್ಬರಿಗೆ ಎರಡು ತಿಂಗಳಿನದು ಒಟ್ಟಿಗೆ. ದೂರು ಕೊಡೋಕೆ ಹೋದ್ರೆ ಮೊದಲ ಪ್ರಶ್ನೆ ‘ಆರ್ಟಿಕಲ್ ನಂಬರ್ ಏನು’. ನಂಬರ್ ಇಲ್ಲ ಸ್ವಾಮಿ, ಅದೇ ತಾನೇ ಸಮಸ್ಯೆ.

ಪುಸ್ತಕದ್ದೂ ಹಾಗೇ ಆಯ್ತು, ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರು, ಪ್ರಕಾಶಕರೆಲ್ಲ ಗಲಾಟೆ ಮಾಡಿದ ಮೇಲೆ 2025ರ ಮೇ 1ರಿಂದ ಪುಸ್ತಕಕ್ಕೆ ಅಂತ ಜ್ಞಾನ್ ಪೋಸ್ಟ್ ಬಂತು, 300 ಗ್ರಾಂಗೆ 20 ರೂಪಾಯಿಯಿಂದ ಶುರು. ಅದಕ್ಕೆ ಟ್ರ್ಯಾಕಿಂಗ್ ಇದೆ, ಒಪ್ತೀನಿ. ಪತ್ರಿಕೆ ಮಾತ್ರ ಕತ್ತಲಲ್ಲೇ.

ಬಿಪಿಎಂ_ಬಯಲುಸೀಮಿ

ನಾ ಒಂದ ಹಳ್ಳ್ಯಾಗ ಬ್ರಾಂಚ್ ಪೋಸ್ಟ್ ಮಾಸ್ಟರ್ ಅದೀನ್ರಿ. ಎಲ್ಲಾರೂ ಬಟನ್ ಒತ್ತವ್ರನ್ನ ಬೈಯಾಕತ್ತೀರಿ, ನಮ್ಮ ಕಡಿಂದೂ ಒಂದೀಟ ಕೇಳ್ರಿ.

ನಾವು ಗ್ರಾಮೀಣ ಡಾಕ್ ಸೇವಕರು, ಸರ್ಕಾರಿ ನೌಕರರೂ ಅಲ್ಲ, ಅಲ್ಲ ಅನ್ನಾಕೂ ಬರೂದಿಲ್ಲ. ಲೆಕ್ಕಕ್ಕ ನಾಕ್ ತಾಸಿನ ಕೆಲಸ, ಬಿಪಿಎಂಗೆ ಮೂಲ ಭತ್ತೆ 12,000ದಿಂದ ಶುರು, ಮ್ಯಾಲ ಡಿಎ, ಪೆನ್ಶನ್ ಇಲ್ಲ. ಚೀಲ ಬರೂದು ಬಸ್ಸಿನ್ಯಾಗ. ಬಸ್ ಬರೂದು ಹನ್ನೊಂದಕ್ಕ ಅಂತ ಬೋರ್ಡಿನ್ಯಾಗ ಐತಿ, ಜಾತ್ರಿ ಇದ್ದ ದಿನ, ಎಲೆಕ್ಷನ್ ಇದ್ದ ದಿನ, ಡ್ರೈವರ್ ರಜಾ ಹಾಕಿದ ದಿನ ಬರೂದ ಇಲ್ಲ. ಬಂದ ಮ್ಯಾಲ ಮೊಬೈಲ್ ತಗದ್ರ ಟವರ್ ಇಲ್ಲ, ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಉತ್ತರ ದಿಕ್ಕಿಗೆ ಮುಖ ಮಾಡಿ ನಿಂತ್ರ ಎರಡ ಕಡ್ಡಿ ಸಿಗ್ತಾವ. ಅಲ್ಲಿ ನಿಂತು ನಾ ‘ಡೆಲಿವರ್ಡ್’ ಅಂತ ಒತ್ತಿದ್ದು ಮುಂಜಾನೆ ಕೊಟ್ಟ ಕಾಗದಕ್ಕ, ಆದ್ರ ಟೈಮ್ ಬೀಳೂದು ಸಂಜಿ ಐದೂವರಿದು. ಅಂದ್ರ ನಿಮ್ಮ ಡೇಟಾದಾಗ ಸುಳ್ಳು ಎರಡೂ ಕಡಿಗೆ ಅದಾವ್ರಿ, ಬರೇ ನಮ್ಮ ಪರ ಅಷ್ಟ ಅಲ್ಲ.

ಇನ್ನೊಂದ್ ಮಾತ. ವಾಟ್ಸಾಪ್ ಗ್ರೂಪಿನ್ಯಾಗ ದಿನಾ ಏನ್ ಕೇಳ್ತಾರ ಅಂದ್ರ, ಇವತ್ತ ಎಷ್ಟ ಆರ್‌ಡಿ ಖಾತೆ ತಗಸಿದಿ, ವಿಮಾ ಪಾಲಿಸಿ ಎಷ್ಟ ಮಾಡ್ಸಿದಿ, ಪೇಮೆಂಟ್ಸ್ ಬ್ಯಾಂಕಿಂದು ಎಷ್ಟ. ಕಾಗದ ಎಷ್ಟ ಕೊಟ್ಟಿ ಅಂತ ಕೇಳೂದು ಕಡೀಗೆ. ಹತ್ತ ವರ್ಷದಾಗ ಕಾಗದ ತಡಾ ಆತು ಅಂತ ನನಗ ಮೆಮೋ ಬಂದಿಲ್ಲ, ಖಾತೆ ಕಡಿಮಿ ಆದ್ವು ಅಂತ ಮೂರ ಸಲ ಬಂದೈತಿ. ಇಲಾಖೆ ಏನ ಅಳೀತೈತೋ ನಾವ್ ಅದನ್ನ ಮಾಡ್ತೀವಿ.

ಅಡಿಕೆ_ಸುಲಿಯೋನು

ಅಣ್ಣಾ ನಿಮ್ಮನ್ನ ಬೈದಿದ್ದಲ್ಲ. ನೀವು ಹೇಳಿದ ಈ ಕೊನೇ ಸಾಲು ಮಾತ್ರ ನಾನು ಹೇಳೋಕೆ ಹೊರಟಿದ್ದಕ್ಕಿಂತ ಚೆನ್ನಾಗಿದೆ.

ಹಳೇ_ಟಪ್ಪಾಲು

ಬಿಪಿಎಂ ಅವರು ಹೇಳಿದ್ದು ನಿಜ. 2008ರಲ್ಲಿ ಪ್ರಾಜೆಕ್ಟ್ ಆರೋ ಅಂತ ಬಂದಾಗ ಮೊದಲ ಸಲ ಬಟವಾಡೆಯನ್ನ ದಿನದಿನಾ ಕಂಪ್ಯೂಟರ್‌ನಿಂದಲೇ ಅಂಕಿ ತೆಗೆದು ಮೇಲಿನವರು ನೋಡೋಕೆ ಶುರು ಮಾಡಿದ್ರು, ಇವತ್ತು ಬಂದಿದ್ದರಲ್ಲಿ ಇವತ್ತೇ ಎಷ್ಟು ಕೊಟ್ರಿ ಅಂತ. ಉದ್ದೇಶ ಒಳ್ಳೇದೇ ಇತ್ತು, ಮೊದಲ ಒಂದು ವರ್ಷ ನಿಜವಾಗ್ಲೂ ಸುಧಾರಿಸ್ತು, ಬಣ್ಣ ಹೊಡೆದ್ರು, ಬೀಟ್‌ಗಳನ್ನ, ಅಂದ್ರೆ ಪೋಸ್ಟ್‌ಮ್ಯಾನ್ ಸುತ್ತೋ ದಾರಿಗಳನ್ನ, ಸರಿಮಾಡಿದ್ರು. ಆದ್ರೆ ‘ಇವತ್ತು ಬಂದಿದ್ದು ಇವತ್ತೇ’ ಅನ್ನೋದು ಕೊನೇ ಆಫೀಸಿನ ಪರೀಕ್ಷೆ ಅಷ್ಟೇ. ಕಾಗದ ನಾಲ್ಕು ದಿನ ದಾರೀಲಿ ಕೊಳೆತು ಐದನೇ ದಿನ ಬಂದು ಅವತ್ತೇ ಬಟವಾಡೆ ಆದ್ರೆ ಆ ಆಫೀಸಿಗೆ ನೂರಕ್ಕೆ ನೂರು. ಅದು ಅವರ ತಪ್ಪಲ್ಲ ಸರಿ, ಆದ್ರೆ ಕಾಗದದ ಧಣಿಗೆ ಏನು ಬಂತು?

ಲೀಡ್ಸಿನ_ಜೋಳದರೊಟ್ಟಿ

ಇಲ್ಲಿ ಬ್ರಿಟನ್‌ನಲ್ಲಿ ಈ ವಿಷ್ಯ ಪೇಪರ್‌ನಲ್ಲಿ ದಿನಾ ಬರುತ್ತೆ ಅದಕ್ಕೆ ಹೇಳ್ತೀನಿ. ರಾಯಲ್ ಮೇಲ್ ಈಗ ಖಾಸಗಿ ಕಂಪನಿ, ಅದರ ಮೇಲೆ ಆಫ್‌ಕಾಮ್ ಅಂತ ನಿಯಂತ್ರಕ ಸಂಸ್ಥೆ ಕೂತಿದೆ. ಫಸ್ಟ್ ಕ್ಲಾಸ್ ಕಾಗದ 93% ಮಾರನೇ ಕೆಲಸದ ದಿನ ಮುಟ್ಬೇಕು, ಸೆಕೆಂಡ್ ಕ್ಲಾಸ್ 98.5% ಮೂರು ದಿನದೊಳಗೆ, ಇದು ಆಗಿನ ಗುರಿ. 2024-25ರಲ್ಲಿ ಆಗಿದ್ದು 77% ಮತ್ತು 92.5%. 2025ರ ಅಕ್ಟೋಬರ್‌ನಲ್ಲಿ 2 ಕೋಟಿ 10 ಲಕ್ಷ ಪೌಂಡ್ ದಂಡ ಬಿತ್ತು. ಅದಕ್ಕೂ ಹಿಂದಿನ ವರ್ಷ 1 ಕೋಟಿ 5 ಲಕ್ಷ, ಅದರ ಹಿಂದಿನ ವರ್ಷ 56 ಲಕ್ಷ.

ಮುಖ್ಯ ಏನಂದ್ರೆ ಈ 77 ಅನ್ನೋ ಅಂಕಿ ಪೋಸ್ಟ್‌ಮ್ಯಾನ್ ಬಟನ್‌ನಿಂದ ಬಂದಿದ್ದಲ್ಲ. ಹೊರಗಿನ ಸಂಶೋಧನಾ ಕಂಪನಿಯೊಂದು ದೇಶದಾದ್ಯಂತ ಮಾಮೂಲಿ ಮನೆಗಳ ಜನರನ್ನ ಇಟ್ಕೊಂಡಿರುತ್ತೆ, ಅವರು ಒಬ್ರಿಗೊಬ್ರು ಪರೀಕ್ಷೆ ಕಾಗದ ಹಾಕ್ತಾರೆ, ಹಾಕಿದ ದಿನ ಮುಟ್ಟಿದ ದಿನ ಬರ್ಕೊಳ್ತಾರೆ. ಯಾವ ಮನೆ ಅಂತ ಅಂಚೆಯವರಿಗೆ ಗೊತ್ತಿರಬಾರದು, ಟಪ್ಪಾಲು ಸಾರ್ ಹೇಳಿದ ಕೈಬರಹದ ಕಥೆ ಇಲ್ಲಿ ಆಗಬಾರದು ಅಂತಲೇ. ಯುರೋಪಿಗೆಲ್ಲ ಇದಕ್ಕೆ ಒಂದು ಅಳತೆ ಮಾನದಂಡವೇ ಇದೆ, ಇಎನ್ 13850. ಬೇರೆ ಬೇರೆ ದೇಶಗಳ ನಡುವಿನ ಅಂಚೆಗೆ ಬರ್ನ್‌ನಲ್ಲಿರೋ ವಿಶ್ವ ಅಂಚೆ ಒಕ್ಕೂಟದವರದ್ದೂ ಒಂದು ವ್ಯವಸ್ಥೆ ಇದೆ, ಲಕೋಟೆ ಒಳಗೆ ಸಣ್ಣ ಆರ್‌ಎಫ್‌ಐಡಿ ಪಟ್ಟಿ (ರೇಡಿಯೋ ಸಂಕೇತದಿಂದ ಗುರುತು ಹೇಳೋದು) ಇಟ್ಟು ಕಳಿಸೋದು, ಸಾರ್ಟಿಂಗ್ ಸೆಂಟರ್ ಬಾಗಿಲಲ್ಲಿ ಆಂಟೆನಾ ಇರುತ್ತೆ, ಕಾಗದ ಒಳಗೆ ಬಂದಿದ್ದು ಹೋಗಿದ್ದು ತಾನೇ ದಾಖಲಾಗುತ್ತೆ.

ಬಿಟಿಎಂ_ಬಾಯ್

ಇದು ಬೇಕಿರೋದು!! ನಮ್ಮಲ್ಲೂ ಹಾಕ್ರಿ ಕೋಟಿಗಟ್ಲೆ ಫೈನು, ಎರಡೇ ದಿನದಲ್ಲಿ ಸರಿಹೋಗ್ತಾರೆ.

ಕರಿಕೋಟು

ಯಾರು ಯಾರಿಗೆ ಹಾಕೋದು? ಇಲ್ಲಿ ಅಂಚೆ ಅಂದ್ರೆ ಕೇಂದ್ರ ಸರ್ಕಾರದ ಇಲಾಖೆ. ದಂಡ ಹಾಕಿದ್ರೆ ಎಡ ಜೇಬಿಂದ ಬಲ ಜೇಬಿಗೆ. ಟೆಲಿಕಾಂಗೆ ಟ್ರಾಯ್ ಇದ್ದ ಹಾಗೆ ಅಂಚೆಗೆ ಸ್ವತಂತ್ರ ನಿಯಂತ್ರಕ ಇಲ್ಲ, 2023ರ ಹೊಸ ಅಂಚೆ ಕಚೇರಿ ಕಾಯ್ದೆಯಲ್ಲೂ ಅಂಥದ್ದನ್ನ ಮಾಡಿಲ್ಲ. ಉಳಿದಿದ್ದು ಸಿಎಜಿ ಲೆಕ್ಕಪರಿಶೋಧನೆ, ಸಂಸತ್ತಿನಲ್ಲಿ ಪ್ರಶ್ನೆ, ಡಾಕ್ ಅದಾಲತ್, ಸಿಪಿಗ್ರಾಮ್ಸ್ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ದೂರು, ಆರ್‌ಟಿಐ. ತಮಾಷೆ ಏನಂದ್ರೆ ಅಂಚೆ ತಡದ ಬಗ್ಗೆ ಆರ್‌ಟಿಐ ಹಾಕೋಕೂ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಗೊಂಡು ಅಂಚೆಯಲ್ಲೇ ಕಳಿಸ್ತಿದ್ರು, ಆನ್‌ಲೈನ್ ಬರೋ ತನಕ ಬಹಳ ಜನಕ್ಕೆ ಅದೇ ದಾರಿ.

ಕೋರ್ಟಿಗೆ ಹೋಗ್ತೀನಿ ಅನ್ನೋರಿಗೆ: 1898ರ ಹಳೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕಳೆದುಹೋದ್ರೂ ತಡ ಆದ್ರೂ ಹಾಳಾದ್ರೂ ಸರ್ಕಾರ ಜವಾಬ್ದಾರಿ ಅಲ್ಲ, ನೌಕರ ಮೋಸದಿಂದಲೋ ಬೇಕಂತಲೋ ಮಾಡಿದ್ದಾದ್ರೆ ಮಾತ್ರ ಆ ನೌಕರ ಹೊಣೆ. ಗ್ರಾಹಕರ ವೇದಿಕೆಗಳಲ್ಲಿ ಎಷ್ಟೋ ಕೇಸು ಈ ಒಂದು ಸೆಕ್ಷನ್‌ಗೆ ತಲೆ ಚಚ್ಕೊಂಡಿದೆ, ಕೆಲವು ಗೆದ್ದಿದೆ, ಕೆಲವು ಸೋತಿದೆ. ಹೊಸ ಕಾಯ್ದೆ 2024ರ ಜೂನ್ 18ಕ್ಕೆ ಜಾರಿಗೆ ಬಂತು, ಅದರ 10ನೇ ಸೆಕ್ಷನ್ನೂ ಅದೇ ರಾಗ, ನಿಯಮದಲ್ಲಿ ಹೇಳಿದಷ್ಟು ಹೊಣೆ ಬಿಟ್ರೆ ಬೇರೆ ಇಲ್ಲ. ಸ್ಪೀಡ್ ಪೋಸ್ಟ್‌ಗೆ ಬಹಳ ಕಾಲದಿಂದ ಇದ್ದ ನಿಯಮ ಕೇಳಿ: ತಡ ಆದ್ರೆ ಕಟ್ಟಿದ ಶುಲ್ಕ ವಾಪಸ್, ಕಳೆದುಹೋದ್ರೆ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. 2025ರ ಅಕ್ಟೋಬರ್ 1ರಿಂದ 50 ಗ್ರಾಂ ಕಾಗದಕ್ಕೆ ಊರಾಚೆಗೆ 47 ರೂಪಾಯಿ. ಎರಡರಷ್ಟು ಅಂದ್ರೆ 94. ಮಾರ್ಕ್ಸ್ ಕಾರ್ಡ್ ಕಳೆದುಹೋದ್ರೆ ಒಂದು ಮಸಾಲೆ ದೋಸೆ, ಒಂದು ಕಾಫಿ.

ಬಿಟಿಎಂ_ಬಾಯ್

ಬಿಟಿಎಂನಲ್ಲಿ ಕಾಫಿ ಬರಲ್ಲ ಸಾರ್ 94ಕ್ಕೆ, ದೋಸೆ ಅಷ್ಟೇ.

ಡಲ್ಲಾಸ್_ಡಬ್ಬಿ

ದಂಡದ ವಿಷ್ಯಕ್ಕೆ ಒಂದು ಮಾತು. ಲೀಡ್ಸ್‌ನೋರು ಕೊಟ್ಟ ಅಂಕಿನೇ ನೋಡಿ, ಮೂರು ವರ್ಷ ಮೂರು ದಂಡ, ಆದ್ರೂ 77. ದಂಡದಿಂದ ಕಾಗದ ಬೇಗ ಬರೋಹಾಗಿದ್ರೆ ಇಷ್ಟೊತ್ತಿಗೆ ಬರ್ಬೇಕಿತ್ತು. ಅಮೆರಿಕಾದ್ದು ನಮ್ಮಂಗೇ ಸರ್ಕಾರಿ ಅಂಚೆ. ಮೇಲೆ ಪೋಸ್ಟಲ್ ರೆಗ್ಯುಲೇಟರಿ ಕಮಿಷನ್ ಇದೆ, ಅಂಚೆಯ ಒಳಗೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಬೇರೆ, ಅವರು ಬಂದು ಆಡಿಟ್ ಮಾಡಿ ವರದಿನ ವೆಬ್‌ಸೈಟಿಗೇ ಹಾಕಿಬಿಡ್ತಾರೆ, ಯಾವ ಊರಿನ ಸೆಂಟರ್‌ನಲ್ಲಿ ಎಷ್ಟು ಕಾಗದ ಬಿದ್ದಿತ್ತು ಅಂತ ಫೋಟೋ ಸಮೇತ.

ಇಲ್ಲೂ ಮೊದಲು ಹೊರಗಿನೋರು ಪರೀಕ್ಷೆ ಕಾಗದ ಹಾಕಿ ಅಳೀತಿದ್ರು. 2018ರ ಅಕ್ಟೋಬರ್‌ನಿಂದ ಅದನ್ನ ಬಿಟ್ಟು ತಮ್ಮದೇ ಬಾರ್‌ಕೋಡ್ ಸ್ಕ್ಯಾನ್ ಲೆಕ್ಕಕ್ಕೆ ಹೋದ್ರು, ಮೊದಲ ಮತ್ತು ಕೊನೇ ಹೆಜ್ಜೆಗೆ ಪೋಸ್ಟ್‌ಮ್ಯಾನ್ ಕೈಲೇ ಸ್ಯಾಂಪಲ್ ಸ್ಕ್ಯಾನ್. ಅಳತೆಗೆ ಸಿಗೋ ಕಾಗದಗಳ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿ ಆಯ್ತು, ನಂಬಿಕೆ ಪ್ರಶ್ನೆನೂ ಜೊತೆಗೇ ಬಂತು. ಆದ್ರೆ 2022ರ ಕಾನೂನಿನಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ರು, ವಾರ ವಾರ ಅಂಕಿಅಂಶ ಸಾರ್ವಜನಿಕವಾಗಿ ಹಾಕ್ಬೇಕು, ಯಾರ್ ಬೇಕಾದ್ರೂ ತಮ್ಮ ಜಿಪ್ ಕೋಡ್ ಹಾಕಿ ನೋಡ್ಬಹುದು ಅಂತ. ನಮ್ಮ ಆರಂಕಿ ಪಿನ್ 1972ರ ಆಗಸ್ಟ್ 15ರಿಂದ ಇದೆ, ಹಾಕಿದ್ರೆ ಏನ್ ಬರುತ್ತೆ? ಆಫೀಸ್ ಹೆಸರು, ಡಿವಿಜನ್, ಡೆಲಿವರಿ ಆಫೀಸ್ ಹೌದೋ ಅಲ್ವೋ. 577ರಲ್ಲಿ ಶುರುವಾಗೋ ಪಿನ್‌ಗಳಿಗೆ ಹೋದ ತಿಂಗಳು ಎಷ್ಟು ಕಾಗದ ಹೊತ್ತಿಗೆ ಮುಟ್ತು ಅಂತ ಅಲ್ಲೇ ಕೆಳಗೆ ಒಂದು ಸಾಲು ಬಂದ್ರೆ ಸಾಕಲ್ವಾ.

ಬಿಪಿಎಂ_ಬಯಲುಸೀಮಿ

ಹಂಗ ಮಾಡಿದ್ರ ಮೊದಲ ಹೊಡತ ಯಾರಿಗೆ ಬೀಳ್ತೈತಿ ಹೇಳ್ರಿ? ನಮ್ಮ ಪಿನ್ ಕೆಂಪ್ ಬಂತಂದ್ರ ಸೂಪರಿಂಟೆಂಡೆಂಟ್ ಬಸ್ಸಿನವ್ರಿಗೆ ಫೋನ್ ಮಾಡೂದಿಲ್ಲ, ಟವರ್ ಕಂಪನಿಗೂ ಮಾಡೂದಿಲ್ಲ, ನನಗ ಮಾಡ್ತಾರ. ನಾ ಮತ್ತ ಬಾಗಲಾ ಹಾಕಿತ್ತು ಅಂತ ಒತ್ತಾಕ ಶುರು ಮಾಡ್ತೀನಿ. ಇಲ್ಲೀತನಕಾ ಒತ್ತಿಲ್ಲ ಮತ್ತ 😀

ಸರ್ವರ್_ಡೌನ್

ಅದಕ್ಕೇ ಒಟ್ಟು ಸರಾಸರಿ ಹಾಕಬಾರದು, ತುಂಡು ತುಂಡಾಗಿ ತೋರಿಸ್ಬೇಕು, ಹಬ್‌ನಲ್ಲಿ ಎಷ್ಟು ಹೊತ್ತು, ಬಸ್ಸಲ್ಲಿ ಎಷ್ಟು, ಕೊನೇ ಆಫೀಸಲ್ಲಿ ಎಷ್ಟು. ನಿಮ್ಮ ತಪ್ಪು ಎಷ್ಟು ಬಸ್ಸಿಂದು ಎಷ್ಟು ಗೊತ್ತಾಗುತ್ತೆ. ಇನ್ನೊಂದು, ಸರಾಸರಿಗಿಂತ ಬಾಲ ಮುಖ್ಯ. 100ರಲ್ಲಿ 85 ಹೊತ್ತಿಗೆ ಬಂತು ಅಂದ್ರೆ ಚೆನ್ನಾಗಿ ಕೇಳ್ಸುತ್ತೆ, ಉಳಿದ 15 ಒಂದು ದಿನ ತಡವೋ ಒಂದು ತಿಂಗಳು ತಡವೋ? ಬ್ರಿಟನ್‌ನೋರು ಈಗ ಅದನ್ನೇ ಸೇರಿಸ್ತಿದಾರಲ್ವಾ ಲೀಡ್ಸ್ ಸಾರ್?

ಲೀಡ್ಸಿನ_ಜೋಳದರೊಟ್ಟಿ

ಹೌದು, 2025ರ ಜುಲೈನಲ್ಲಿ ಘೋಷಣೆ ಆಯ್ತು. ಗುರಿ ಇಳಿಸಿದ್ರು, 93 ಇದ್ದಿದ್ದು 90, 98.5 ಇದ್ದಿದ್ದು 95, ಸೆಕೆಂಡ್ ಕ್ಲಾಸ್ ದಿನ ಬಿಟ್ಟು ದಿನ. ಬದಲಿಗೆ ಹೊಸದೊಂದು, 99% ಕಾಗದ ಹೇಳಿದ ದಿನಕ್ಕಿಂತ ಎರಡು ದಿನದ ಮೇಲೆ ತಡ ಆಗೋ ಹಾಗಿಲ್ಲ. ಗುರಿ ಮುಟ್ಟಕ್ಕಾಗದಿದ್ರೆ ಗುರಿನೇ ಹತ್ರ ತಂದ್ರು ಅಂತ ಜನ ಆಡ್ಕೊಂಡ್ರು, ನನಗೂ ಅರ್ಧ ಹಾಗೇ ಅನ್ಸುತ್ತೆ. ಇಲ್ಲಿ ಆಸ್ಪತ್ರೆ ಅಪಾಯಿಂಟ್‌ಮೆಂಟ್ ಈಗ್ಲೂ ಕಾಗದದಲ್ಲಿ ಬರೋದುಂಟು, ತಡ ಆದ್ರೆ ಕಥೆ ಮುಗೀತು. ಡೆನ್ಮಾರ್ಕ್‌ನಲ್ಲಂತೂ ಸರ್ಕಾರಿ ಅಂಚೆಯೋರು 2025ರ ಕೊನೆಗೆ ಕಾಗದ ಹಂಚೋದನ್ನೇ ನಿಲ್ಲಿಸಿಬಿಟ್ರು, ಅಳೆಯೋ ತಾಪತ್ರಯನೇ ಇಲ್ಲ.

ಮರಳುಗಾಡಿನ_ಮೀನು

ಮಾರಾಯ್ರೆ, ಬಟನ್ ಸುಳ್ಳಿಗೆ ಒಟಿಪಿ ಉಂಟಲ್ಲ ಈಗ? ಐದು ರೂಪಾಯಿ ಜಾಸ್ತಿ ಕೊಟ್ರೆ ಒಟಿಪಿ ಹೇಳಿದ್ರೆ ಮಾತ್ರ ಕೊಡುವುದು. ಒಳ್ಳೆ ಉಪಾಯ ಅಂತ ನಾನೇ ಹಾಕಿಸಿದ್ದು ಅಮ್ಮನಿಗೆ ಕಳಿಸಿದ ಒಂದು ಕಾಗದಕ್ಕೆ, ಊರಿಗೆ ಬಂದಿದ್ದಾಗ ಮಂಗಳೂರಿಂದ. ಅಮ್ಮನ ಹತ್ರ ಮೊಬೈಲ್ ಇಲ್ಲ, ನನ್ನ ನಂಬ್ರ ಕೊಟ್ಟದ್ದು. ಆ ಕಾಗದ ಮನೆಗೆ ಹೋಗುವಾಗ ನಾನು ದುಬೈಯಲ್ಲಿ ಸೈಟಲ್ಲಿ, ಊರಿನ ಸಿಮ್ ರೂಮಿನ ಪೆಟ್ಟಿಗೆಯಲ್ಲಿ. ಪೋಸ್ಟಿನವರು ಪಾಪ ಎರಡು ದಿನ ಬಂದ್ರು, ಅಮ್ಮ ಎದುರಿಗೇ ನಿಂತಿದ್ದಾರೆ, ಅವರಿಗೆ ಮೂವತ್ತು ವರ್ಷದಿಂದ ಗುರ್ತ ಉಂಟು, ಆದ್ರೂ ಕೊಡ್ಲಿಕ್ಕೆ ಆಗುವುದಿಲ್ಲ. ಆ ಎರಡು ದಿನ ಲೆಕ್ಕದಲ್ಲಿ ಯಾರ ತಡ? ನಂದೇ ಅಲ್ವಾ.

ಮಾಸಿಕದ_ಪಾಡು

ಇಲ್ಲಿ ಮಾತಾಡ್ತಾ ಕೂತ್ರೆ ಸಂಸತ್ತಲ್ಲಿ ನಿಯಂತ್ರಕ ಹುಟ್ಟಲ್ಲ. ನನ್ನದೊಂದು ಪ್ರಸ್ತಾಪ, ನಾವೇ ಆ ಪರೀಕ್ಷೆ ಕಾಗದ ಯಾಕೆ ಹಾಕಬಾರದು? ಪೋಸ್ಟ್ ಕಾರ್ಡ್ ಇನ್ನೂ 50 ಪೈಸೆ. ಇಲಾಖೆಗೆ ಒಂದು ಕಾರ್ಡ್ ಮುಟ್ಟಿಸೋಕೆ ಹತ್ತು ರೂಪಾಯಿ ಮೇಲೆ ಬೀಳುತ್ತೆ ಅಂತ ಅವರದೇ 2016-17ರ ವಾರ್ಷಿಕ ವರದಿಯಲ್ಲಿತ್ತು, ಹಾಗಾಗಿ ತೀರಾ ಸಾವಿರಗಟ್ಲೆ ಹಾಕಿ ಅವರನ್ನ ಮುಳುಗಿಸೋದು ಬೇಡ, ಪ್ರತಿಯೊಬ್ಬರೂ ತಿಂಗಳಿಗೆ ನಾಲ್ಕು. ಬಾರ್‌ಕೋಡ್ ಇಲ್ಲದ ಅಂಚೆ ಏನಾಗ್ತಿದೆ ಅಂತ ಯಾರೂ ಅಳೀದೇ ಇರೋದ್ರಿಂದ ನಮ್ಮ ಪುಟ್ಟ ಲೆಕ್ಕಕ್ಕೂ ಬೆಲೆ ಇದೆ.

ಸರ್ವರ್_ಡೌನ್

ನಾನು ಶೀಟ್ ಮಾಡ್ತೀನಿ. ಹಾಕಿದ ತಾರೀಖು, ಹಾಕಿದ ಹೊತ್ತು, ಪೆಟ್ಟಿಗೆ ಮೇಲೆ ಬರೆದಿರೋ ತೆಗೆಯೋ ಸಮಯಕ್ಕೆ ಮುಂಚೆಯೋ ಆಮೇಲೋ, ಮುದ್ರೆಯಲ್ಲಿ ಓದೋಕೆ ಬಂದ ತಾರೀಖು, ಮುಟ್ಟಿದ ತಾರೀಖು. ಭಾನುವಾರ, ರಜೆ ಕಳೆಯೋದು ನಾನೇ ಮಾಡ್ತೀನಿ. ಬರದೇ ಹೋದ ಕಾರ್ಡನ್ನ ದಯವಿಟ್ಟು ‘ಬಂದಿಲ್ಲ’ ಅಂತ ಬರೀರಿ, ಸುಮ್ನೆ ಖಾಲಿ ಬಿಟ್ರೆ ಲೆಕ್ಕ ಎಲ್ಲ ಚೆಂದ ಕಾಣುತ್ತೆ, ಮೋಸ ಆಗುತ್ತೆ. ವಿಳಾಸ ಇಲ್ಲಿ ಹಾಕ್ಬೇಡಿ, ನನಗೆ ಖಾಸಗಿ ಮೆಸೇಜ್ ಮಾಡಿ.

ಹಳೇ_ಟಪ್ಪಾಲು

ನಾಲ್ಕು ಮಾತು. ಎಲ್ಲರೂ ಸೋಮವಾರ ಹಾಕಬೇಡಿ, ಸೋಮವಾರ ಭಾನುವಾರದ್ದೂ ಸೇರಿ ಚೀಲ ಭಾರ ಇರುತ್ತೆ, ವಾರದ ಬೇರೆ ಬೇರೆ ದಿನ ಹಾಕಿ. ಒಬ್ಬರೇ ಒಂದೇ ಪೆಟ್ಟಿಗೆಗೆ ನಾಲ್ಕೂ ಹಾಕಬೇಡಿ, ಒಂದು ಪೆಟ್ಟಿಗೆ ತೆಗೆಯೋದು ಮರೆತರೆ ನಾಲ್ಕೂ ಸತ್ತವು. ಕಾರ್ಡಿನ ಮೇಲೆ ‘ಪರೀಕ್ಷೆ’ ‘ಟೆಸ್ಟ್’ ಅಂತ ಮಾತ್ರ ದೇವರಾಣೆ ಬರೆಯಬೇಡಿ. ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ಎಮ್ಮೆ ಕರು ಹಾಕಿದೆ’ ಅಂತ ಮಾಮೂಲಿ ಬರೀರಿ. ಮತ್ತೆ ನಾನು ಸೇರಲ್ಲ, ನಮ್ಮೂರ ಆಫೀಸಲ್ಲಿ ನನ್ನ ಹೆಸರು ಕಂಡ್ರೆ ಕಾರ್ಡ್ ಓಡೋಡಿ ಬರುತ್ತೆ, ಇನ್‌ಸ್ಪೆಕ್ಟರ್ ಸಾಹೇಬ್ರ ಕಥೆಯೇ ಆಗುತ್ತೆ.

ಬಿಪಿಎಂ_ಬಯಲುಸೀಮಿ

ನಾನೂ ಸೇರೂದಿಲ್ಲ ಅದಕ್ಕ. ಆದ್ರ ನನ್ನ ತಂಗಿ ಬ್ಯಾರೆ ತಾಲೂಕಿನ್ಯಾಗ ಅದಾಳ, ಆಕಿ ಅಡ್ರೆಸ್ ಕೊಡ್ತೀನಿ. ನನ್ನ ಹೆಸರ ಎಲ್ಲೂ ಹೇಳಬ್ಯಾಡ್ರಿ.

ಬಿಟಿಎಂ_ಬಾಯ್

ಓಕೆ ನಾನೂ ಇನ್. ಜೀವಮಾನದಲ್ಲಿ ಪೋಸ್ಟ್ ಕಾರ್ಡ್ ಬರ್ದಿಲ್ಲ. ವಿಳಾಸ ಯಾವ ಕಡೆ ಬರೀಬೇಕು?

ಕರಿಕೋಟು

ಬಲಗಡೆ ಗೆರೆ ಇರೋ ಕಡೆ, ಕಂದಾ. ಪಿನ್‌ಗೆ ಆರು ಚೌಕ ಇರುತ್ತೆ, ಅದರೊಳಗೆ ಬರಿ. ಸಿಕ್ರೆ ಹೇಳು, ನನಗೆ ಇವತ್ತು ಕೌಂಟರ್‌ನಲ್ಲಿ ಕಾರ್ಡ್ ಸ್ಟಾಕ್ ಇಲ್ಲ ಅಂದ್ರು, ಮುಂದಿನ ವಾರ ಬನ್ನಿ ಅಂತ.

ಸರ್ವರ್_ಡೌನ್

ಅದನ್ನೂ ಶೀಟಲ್ಲಿ ಒಂದು ಕಾಲಂ ಮಾಡ್ತೀನಿ. ‘ಕಾರ್ಡ್ ಸಿಗಲು ಹಿಡಿದ ದಿನ’.

ಅಡಿಕೆ_ಸುಲಿಯೋನು

ಇವತ್ತು ಸಂಜೆ ಮೊದಲನೇ ಕಾರ್ಡ್ ಹಾಕೋಣ ಅಂತ ಶಾಲೆ ಪಕ್ಕದ ಕೆಂಪು ಪೆಟ್ಟಿಗೆ ಹತ್ರ ಹೋದೆ. ತೆಗೆಯೋ ಸಮಯ ಬರೆದಿದ್ದು ಅಳಿಸಿಹೋಗಿದೆ, ‘ಬೆಳಿಗ್ಗೆ’ ಅಂತ ಮಾತ್ರ ಓದೋಕೆ ಬರುತ್ತೆ. ಬಾಯಿಗೆ ಕಾರ್ಡ್ ತೂರಿಸಿದ್ರೆ ಒಳಗೆ ಹೋಗ್ತಿಲ್ಲ, ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಕಣಜ ಗೂಡು ಕಟ್ಟಿದೆ, ಬೊಗಸೆ ದಪ್ಪದ್ದು. ಶೀಟಲ್ಲಿ ಇದನ್ನ ಯಾವ ಕಾಲಮ್ಮಿಗೆ ಹಾಕ್ಲಿ?